ಮೊದಲ ಗ್ರೀಸ್, ಆಮ್ಯಾಲ ಕುಂಕುಮ

ಆ ಕಾರಿನ ಕೀಲಿ ತಿರುವಿದರೆ ಮೊದಲು ಎಂಜಿನ್ ಸದ್ದು ಬರುತ್ತಿರಲಿಲ್ಲ. ಬಾನೆಟ್ಟಿನ ಒಳಗೆಲ್ಲೋ ಟಕ ಟಕ ಟಕ ಎಂದು ಏಳೆಂಟು ಸಲ ಬಡಿಯುತ್ತಿತ್ತು. ಆಮೇಲೆ ನಿಧಾನ. ಆಮೇಲೆ ಸುಮ್ಮನೆ. ಅದು ಪೆಟ್ರೋಲ್ ಪಂಪು. ಕಾರ್ಬುರೇಟರಿನ ಹೊಟ್ಟೆ ತುಂಬುವ ತನಕ ಬಡಿದು, ತುಂಬಿತೆಂದರೆ ತಾನೇ ನಿಲ್ಲುತ್ತಿತ್ತು. ನಿಂತ ಮೇಲೆ ಸ್ಟಾರ್ಟರಿನ ಗುಂಡಿ ಎಳೆಯಬೇಕು. ಈಗಲೂ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಅದು ನಿಲ್ಲುವುದನ್ನು ಕಾಯುತ್ತ ಕೂರುತ್ತೇನೆ. ನಿಂತ ಮೇಲೆ ಕೈ ತಾನಾಗಿ ಮುಂದೆ ಹೋಗುತ್ತದೆ. ಎಳೆಯಲು ಅಲ್ಲಿ ಏನೂ ಇರುವುದಿಲ್ಲ.

ನಾನು ಮೋಟಾರ್ ಮಿಸ್ತ್ರಿ. ಕೈ ನಡುಗಲು ಹತ್ತಿದ ಮೇಲೆ ಕೆಲಸ ಬಿಟ್ಟೆ. ಓದಿದ್ದು ಹತ್ತನೆಯ ತರಗತಿ ತನಕ. ಇಂಗ್ಲಿಷಿನಲ್ಲಿ ಪಾಸಾಗಲು ಬೇಕಾದಷ್ಟೇ ಮಾರ್ಕು ಬಿದ್ದಿತ್ತು, ಒಂದೂ ಹೆಚ್ಚಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ವಿದ್ಯಾನಗರದ ಒಂದು ಓಣಿಯಲ್ಲಿ ತಗಡಿನ ಚಪ್ಪರ ಹಾಕಿ ಸ್ವಂತ ಗ್ಯಾರೇಜು ತೆರೆದೆ. ತೆರೆದ ವಾರದಲ್ಲೇ ಬಂದ ಗಾಡಿ ಅದು. ಇಂಗ್ಲೆಂಡಿನಲ್ಲಿ ತಯಾರಾದ ಮೈನರ್. ಹಸಿ ಬಟಾಣಿ ಸಿಪ್ಪೆಯ ಬಣ್ಣ, ಗುಂಡನೆಯ ಮೂತಿ, ಗುಂಡನೆಯ ಬೆನ್ನು, ಮುಂದಿನ ಗಾಜು ನಡುವೆ ಸೀಳಿ ಎರಡು ಹೋಳು. ಓಡಿಸಿಕೊಂಡು ಬಂದವರು ಒಬ್ಬ ಹೆಣ್ಣುಮಗಳು. ಇಳಕಲ್ ಸೀರೆ, ದಪ್ಪ ಕನ್ನಡಕ, ಕೊರಳಲ್ಲಿ ಲಿಂಗದ ಕರಡಿಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ಆಗ ತಾನೇ ನಿವೃತ್ತರಾಗಿದ್ದರು. ಇಡೀ ಓಣಿ ಅವರನ್ನು ಅಕ್ಕೋರು ಎನ್ನುತ್ತಿತ್ತು. ನಾನೂ ಹಾಗೆಯೇ ಅಂದೆ.

"ಮೈನರ್ ಗಾಡಿ ಗೊತ್ತೈತೇನ ತಮ್ಮಾ ನಿನಗ?"

"ನೋಡೇನ್ರಿ. ಕೈ ಹಚ್ಚಿಲ್ಲ."

"ಖರೇ ಹೇಳಿದಿ, ಛಲೋ ಆತು. ಹಿಂದಿನಾಂವ ಎಲ್ಲಾ ಗೊತ್ತೈತಿ ಅಂತ ಹೇಳಿ ಬ್ರೇಕ್ ಕೆಡಿಸಿಟ್ಟ. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪುಸ್ತಕಕ್ಕ ಗೊತ್ತೈತಿ. ಐತವಾರ ಮನಿಗೆ ಬಾ."

ಒಂದು ಖರೇ ಮಾತಿಗೆ ಅವರು ನನ್ನನ್ನು ಇಟ್ಟುಕೊಂಡರು. ಇದನ್ನು ಮೊದಲೇ ಬರೆದಿಡುತ್ತೇನೆ.

ಆ ಪುಸ್ತಕ ಕಾರಿನ ಸಂಗಡವೇ ಬಂದದ್ದು. ಅಕ್ಕೋರ ಅಪ್ಪ ಹತ್ತಿ ವ್ಯಾಪಾರಿ. ಅವರು ಕೊಂಡ ಕಾರು, ಅವರ ನಂತರ ಮಗಳಿಗೆ ಬಂತು. ಸಾವಿರ ಮೈಲಿಗೊಮ್ಮೆ ಎಲ್ಲೆಲ್ಲಿ ಎಣ್ಣೆ, ಎಲ್ಲೆಲ್ಲಿ ಗ್ರೀಸು ಎಂದು ಪುಸ್ತಕದಲ್ಲಿ ಪಟ್ಟಿ ಇತ್ತು. ಅಕ್ಕೋರು ಓಡಿಸುವ ಲೆಕ್ಕಕ್ಕೆ ಅದು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಆ ಐತವಾರ ಬೆಳಿಗ್ಗೆ ಅವರು ಅಂಗಳದ ಬೇವಿನ ನೆರಳಿಗೆ ಕಾರು ತಂದು, ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿ, ಪುಸ್ತಕ ಬಿಡಿಸಿ ಕೂರುತ್ತಿದ್ದರು. ನಾನು ಗೋಣಿಚೀಲ ಹಾಸಿ ಕಾರಿನ ಕೆಳಗೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದುವರು, ಕನ್ನಡದಲ್ಲಿ ಹೇಳುವರು, ನಾನು ಮಾಡಿ "ಆತ್ರಿ ಅಕ್ಕೋರ" ಎನ್ನುವೆ. ತೊಡೆಯ ಮೇಲಿನ ನೋಟುಬುಕ್ಕಿನಲ್ಲಿ ಅವರು ಕೆಂಪು ಪೆನ್ನಿನಿಂದ ರೈಟ್ ಮಾರ್ಕು ಹಾಕುವರು. ಮುಂದಿನ ವಾಕ್ಯ.

"ಓದೂದು ನಂದು, ಮಾಡೂದು ನಿಂದು. ಇಬ್ಬರೂ ಕೂಡಿದ್ರ ಒಬ್ಬ ಇಂಜಿನಿಯರ್ ಆಗ್ತೀವಿ ನೋಡು."

ಹಾಗೆ ನಾನು ಆ ಗಾಡಿ ಕಲಿತೆ. ಮುಂದಿನ ಚಕ್ರಗಳಿಗೆ ಉಕ್ಕಿನ ಪಟ್ಟಿ ಜೋಡಿಸಿದ ಪಾಟಾ ಇರಲಿಲ್ಲ, ಸುರುಳಿ ಸ್ಪ್ರಿಂಗೂ ಇರಲಿಲ್ಲ. ನೆಲದ ಕೆಳಗೆ ಉದ್ದಕ್ಕೆ ಮಲಗಿದ ಎರಡು ಉಕ್ಕಿನ ಸಲಾಕಿಗಳು, ಅಷ್ಟೇ. ಸಲಾಕಿ ಹೇಗೆ ಸ್ಪ್ರಿಂಗ್ ಆದೀತು ಎಂದು ನಾನು ಕೇಳಿದಾಗ ಅಕ್ಕೋರು ಒಳಗೆ ಹೋಗಿ ಒದ್ದೆ ಟವೆಲ್ಲು ತಂದರು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಹಿಂಡಿದರು. "ಬಿಡಬ್ಯಾಡ, ಗಟ್ಟಿ ಹಿಡಿ. ಈಗ ನನ್ನ ಕೈ ಏನಾಗ್ತೈತಿ ನೋಡು." ಹಿಂಡಿದ ಟವೆಲ್ಲು ಅವರ ಕೈಯನ್ನು ಹಿಂದಕ್ಕೆ ತಿರುಗಿಸಿತು. ಚಕ್ರ ತಗ್ಗಿಗೆ ಬಿದ್ದಾಗ ಸಲಾಕಿ ಹೀಗೆ ತಿರುಚಿಕೊಳ್ಳುತ್ತದೆ, ತಿರುಗಿ ತನ್ನ ಜಾಗಕ್ಕೆ ಬರುತ್ತದೆ. ಹತ್ತು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದಿದ್ದೆ. ಯಾರೂ ನನಗೆ ಒಂದು ಗಾಡಿಯನ್ನು ಹಾಗೆ ಹೇಳಿಕೊಟ್ಟಿರಲಿಲ್ಲ.

ಆ ಕಾರಿಗೆ ಕೈಗಳೂ ಇದ್ದವು. ಬಾಗಿಲ ಹಿಂದಿನ ಕಂಬದಲ್ಲಿ ಅಡಗಿಕೊಂಡಿರುವ ಒಂದೊಂದು ಗೇಣಿನ ಕೈ. ಎಡಕ್ಕೆ ಹೊರಳುವಾಗ ಎಡಗೈ ಹೊರಬಂದು ಹಳದಿಯಾಗಿ ಬೆಳಗುತ್ತಿತ್ತು. ದುರ್ಗದಬೈಲಿನ ಗದ್ದಲದಲ್ಲಿ ಅಕ್ಕೋರು ಕೈ ತೆಗೆದರೆ ಕಾಯಿಪಲ್ಲೆ ಮಾರುವ ಹೆಂಗಸರು ಬುಟ್ಟಿ ಹಿಂದೆ ಎಳೆದುಕೊಂಡು, "ಅಕ್ಕೋರ ಕೈ ಬಂತು, ಸರೀರಿ ಸರೀರಿ" ಎಂದು ನಗುತ್ತಿದ್ದರು. ಬಲಗೈ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಒಳಗಿನಿಂದ ಕಂಬಕ್ಕೆ ಒಂದು ಗುದ್ದು ಕೊಟ್ಟರೆ ಬರುತ್ತಿತ್ತು. ನಾನು ರಿಪೇರಿ ಮಾಡುತ್ತೇನೆ ಎಂದಾಗ ಬೇಡ ಎಂದರು. "ಕಡೀ ಬೆಂಚಿನ ಹುಡುಗೀನೂ ಹಿಂಗ, ಒಂದ ಸಲ ಹೆಸರ ಹಿಡದು ಕರದ್ರ ಕೈ ಎತ್ತತಿದ್ದಿಲ್ಲ."

ಈಗ ಗ್ರೀಸಿನ ಮಾತು. ಈ ಬರಹ ಇರುವುದೇ ಅದಕ್ಕಾಗಿ.

ಮುಂದಿನ ಎರಡೂ ಚಕ್ರಗಳು ಒಂದೊಂದು ನಿಂತ ಪಿನ್ನಿನ ಮೇಲೆ ತಿರುಗುತ್ತವೆ. ಆ ಪಿನ್ನಿನ ಮೇಲ್ತುದಿ ಕೆಳತುದಿಗೆ ಬೋಲ್ಟಿಗೆ ಇರುವಂಥ ಸುರುಳಿಗಳಿವೆ. ಅದನ್ನು ಹಿಡಿದಿರುವ ಉಕ್ಕಿನ ತುಂಡಿಗೆ ನಾವು ಗುಬ್ಬಿ ಎನ್ನುತ್ತೇವೆ, ಅದಕ್ಕೆ ನಟ್ಟಿನ ಒಳಗೆ ಇರುವಂಥ ಸುರುಳಿ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಬೋಲ್ಟು ನಟ್ಟಿನಲ್ಲಿ ಒಂದಿಷ್ಟು ತಿರುಗುತ್ತದೆ. ಕಾರಿನ ಮುಂದಿನ ಭಾರವೆಲ್ಲ ಆ ಸುರುಳಿಗಳ ಮೇಲೆ. ನಡುವೆ ಗ್ರೀಸು ಇದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ. ಇಲ್ಲದಿದ್ದರೆ ಉಕ್ಕು ಉಕ್ಕನ್ನು ತಿನ್ನುತ್ತದೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ಅದಕ್ಕೆ ಉಪ್ಪಿನಕಾಯಿ. ಚಕ್ರದ ಭಾರ ನೆಲದ ಮೇಲಿದ್ದಾಗ ಗ್ರೀಸು ಒಳಗೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಒಂದೊಂದೇ ಬದಿಗೆ ಜಾಕ್ ಹಚ್ಚಿ, ಚಕ್ರ ಎತ್ತಿ, ಗ್ರೀಸು ಒಳಹೋಗುವ ನಿಪ್ಪಲ್ ಒರೆಸಿ, ಗ್ರೀಸ್ ಗನ್ ಒತ್ತಬೇಕು. ಹಳೆಯ ಕರಿ ಗ್ರೀಸು ಹೊರಗೆ ಬಂದು, ಅದರ ಹಿಂದೆ ಹೊಸ ಹಳದಿ ಬರುವ ತನಕ ಒತ್ತಬೇಕು.

"ಹಳದಿ ಬಂತೇನ ತಮ್ಮಾ?"

"ಬಂತ್ರಿ ಅಕ್ಕೋರ."

ಆಗ ರೈಟ್ ಮಾರ್ಕು. ಐದಾರು ವರ್ಷ ಆ ಉತ್ತರ ಖರೇ ಇತ್ತು.

ದಸರೆಯ ಖಂಡೆ ಪೂಜೆಯ ದಿನ ಊರಿನ ಗಾಡಿಗಳಿಗೆಲ್ಲ ಕುಂಕುಮ, ಚೆಂಡುಹೂ, ಕುಂಬಳಕಾಯಿ. ಅಕ್ಕೋರ ಮನೆಯಲ್ಲಿ ಮಾತ್ರ ಬೆಳಿಗ್ಗೆ ಮೊದಲು ನನ್ನ ಗೋಣಿಚೀಲ ಹಾಸಬೇಕು. "ಮೊದಲ ಗ್ರೀಸ್, ಆಮ್ಯಾಲ ಕುಂಕುಮ. ಹಸದ ಹೊಟ್ಟಿಗೆ ಹೂವು ಏರಿಸಿದ್ರ ಏನ ಉಪಯೋಗ?" ಎನ್ನುತ್ತಿದ್ದರು. ಅದಾದ ಮೇಲೆ ನನಗೆ ಹೋಳಿಗೆ.

ಪ್ರತಿ ಶನಿವಾರ ಆ ಕಾರು ಧಾರವಾಡಕ್ಕೆ ಹೋಗುತ್ತಿತ್ತು. ಅಲ್ಲಿ ಅಕ್ಕೋರ ಅಕ್ಕ ಇದ್ದರು. ಲಕ್ವಾ ಹೊಡೆದು ಕಾಲು ಹೋಗಿದ್ದವು. ಅವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಕೆಲಗೇರಿ ಕೆರೆಯ ದಂಡೆಗೆ ಒಂದು ಸುತ್ತು ಹಾಕಿಸಿ ಕರೆತರುವುದು. ವಾರದಲ್ಲಿ ಅವರು ಮನೆಯ ಹೊರಗೆ ಬರುತ್ತಿದ್ದದ್ದು ಅಷ್ಟೇ. ಒಮ್ಮೆ ಬ್ರೇಕು ನೋಡಲೆಂದು ನಾನೂ ಹಿಂದೆ ಕೂತು ಹೋದೆ.

"ಇಂವ ಯಾರ?" ಎಂದು ಕೇಳಿದರು ಅಕ್ಕ.

"ನಮ್ಮ ಗಾಡಿ ಡಾಕ್ಟರ. ಗ್ರೀಸ್ ಹಾಕ್ತಾನ."

"ಹಂಗಾರ ನನ್ನ ಕಾಲಿಗೂ ಎರಡ ಸರ್ತಿ ಒತ್ತಂತ ಹೇಳ, ಎದ್ದರ ಏಳಲಿ!"

ಇಬ್ಬರೂ ಅಕ್ಕತಂಗಿಯರು ನಕ್ಕ ನಗೆಗೆ ಕಾರು ಅಲುಗಾಡಿತು. ಕೆರೆಯ ದಂಡೆಯಲ್ಲಿ ಅಕ್ಕೋರು ಎಂಜಿನ್ ಆರಿಸಿದರು. ಯಾರೂ ಇಳಿಯಲಿಲ್ಲ. ಸೀಳುಗಾಜಿನ ಎಡ ಹೋಳಿನಲ್ಲಿ ಅಕ್ಕ ನೀರು ನೋಡಿದರು, ಬಲ ಹೋಳಿನಲ್ಲಿ ತಂಗಿ. ಹಿಂದೆ ಕೂತ ನನಗೆ ಎರಡೂ ಕಾಣುತ್ತಿದ್ದವು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಲ್ಲಿ ಹೊಸ ಸಣ್ಣ ಕಾರುಗಳು ತುಂಬಿದವು. ನನ್ನ ತಗಡಿನ ಚಪ್ಪರ ಸಿಮೆಂಟಿನ ಶೆಡ್ಡಾಯಿತು. ಕೈಕೆಳಗೆ ನಾಲ್ಕು ಜನ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೇಜಿನ ಹಿಂದೆ ಕೂರತೊಡಗಿದೆ. ದುರ್ಗದಬೈಲಿನಲ್ಲಿ ನಾನು ಬಿಡಿಭಾಗ, ಗ್ರೀಸು ತರುತ್ತಿದ್ದ ಅಂಗಡಿಯಾತ ಮೊದಲು ನನ್ನನ್ನು "ಏ ಮಿಸ್ತ್ರಿ" ಅನ್ನುತ್ತಿದ್ದವ, "ಬರ್ರಿ ಮಾಲಕ್ರ" ಅನ್ನತೊಡಗಿದ. ಅಕ್ಕೋರ ಗಾಡಿಗೆ ಮಾತ್ರ ನಾನೇ ಹೋಗಬೇಕು. ಬೇರೆ ಯಾರ ಕೈಗೂ ಅವರು ಕೊಡುತ್ತಿರಲಿಲ್ಲ.

ಅಂಥ ಒಂದು ವರ್ಷ ಖಂಡೆ ಪೂಜೆಯ ಬೆಳಿಗ್ಗೆ ನಾನು ಜಾಕ್ ಏರಿಸಲಿಲ್ಲ. ಕೆಳಗೆ ಮಲಗಿ, ನಿಪ್ಪಲ್ ಒರೆಸಿ, ಬೆರಳಿನಿಂದ ಹೊಸ ಗ್ರೀಸು ಮೇಲೆ ಮೇಲೆ ಸವರಿದೆ, ಯಾರಾದರೂ ಬಗ್ಗಿ ನೋಡಿದರೆ ಹಳದಿ ಕಾಣುವಂತೆ. ಎರಡು ನಿಮಿಷದ ಕೆಲಸ. ಚಕ್ರ ಎದ್ದಿತೇ ಎಂದು ಅಕ್ಕೋರು ಪುಸ್ತಕದಿಂದ ತಲೆ ಎತ್ತಿ ನೋಡುತ್ತಿರಲಿಲ್ಲ, ನನ್ನ ಮಾತು ಅವರಿಗೆ ಸಾಕಿತ್ತು.

"ಹಳದಿ ಬಂತೇನ?"

"ಬಂತ್ರಿ."

ಕುರ್ಚಿಯ ಕಡೆಯಿಂದ ಕೆಂಪು ಪೆನ್ನು ಕಾಗದದ ಮೇಲೆ ಹರಿದ ಸದ್ದು ಕೇಳಿಸಿತು. ಆಮೇಲೆ ಅವರು ಚಕ್ರಕ್ಕೆ ಕುಂಕುಮ ಹಚ್ಚಿದರು. ನಾನು ಕೈ ತೊಳೆದು ಹೋಳಿಗೆ ತಿಂದೆ. ಎರಡು ತಿಂಗಳ ಮೇಲೆ ಮತ್ತೆ ಹಾಗೆಯೇ ಮಾಡಿದೆ. ಬೇರೆ ಕಡೆಯ ಎಣ್ಣೆ, ನೀರು, ಬ್ರೇಕು ಎಲ್ಲ ಸರಿಯಾಗಿಯೇ ನೋಡುತ್ತಿದ್ದೆ. ಜಾಕ್ ಏರಿಸಬೇಕಾದ ಈ ಕೆಲಸ ಒಂದನ್ನೇ ಬಿಟ್ಟೆ. ಹೆಚ್ಚುಕಡಿಮೆ ಎರಡು ವರ್ಷ, ಹನ್ನೊಂದು ಸಲ.

ಒಂದು ಮಧ್ಯಾಹ್ನ ಗಬ್ಬೂರ ಕಡೆಯಿಂದ ಒಬ್ಬ ಸೈಕಲ್ ಮೇಲೆ ಬಂದು, "ಅಕ್ಕೋರ ಗಾಡಿ ಮೊಣಕಾಲೂರಿ ಕುಂತೈತ್ರಿ" ಎಂದ. ನಾನು ಸ್ಕೂಟರ್ ತೆಗೆದುಕೊಂಡು ಓಡಿದೆ. ಅಕ್ಕೋರು ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿ ಬರುವಾಗ, ಓಣಿಯಿಂದ ದೊಡ್ಡ ರಸ್ತೆಗೆ ಹೊರಳುವಲ್ಲಿ ಮುಂದಿನ ಎಡ ಚಕ್ರ ಮಡಿಚಿಕೊಂಡು ಮೂತಿ ನೆಲಕ್ಕೆ ಕುಸಿದಿತ್ತು. ನಡೆಯುವಷ್ಟೇ ವೇಗ. ಅಕ್ಕೋರಿಗೆ ಪೆಟ್ಟಾಗಿರಲಿಲ್ಲ. ಆದರೆ ಕಾರು ಜಾರಿ ನಿಂತ ಜಾಗದಿಂದ ಒಂದು ಮಾರು ದೂರದಲ್ಲಿ ಪೇರಲ ಹಣ್ಣು ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಅಕ್ಕೋರು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದರು. ಆ ಮುದುಕಿಯೇ ಇವರಿಗೆ ಸಮಾಧಾನ ಹೇಳುತ್ತಿದ್ದಳು: "ಏನೂ ಆಗಿಲ್ಲೇಳ್ರೀ ಯವ್ವಾ, ಒಂದ ಹಣ್ಣ ತಿನ್ರಿ."

ನಾನು ಬಗ್ಗಿ ನೋಡಿದೆ. ಕೆಳಗಿನ ಗುಬ್ಬಿ ಪಿನ್ನಿನಿಂದ ಕಳಚಿತ್ತು. ಒಳಗೆ ಸುರುಳಿಗಳೇ ಇರಲಿಲ್ಲ. ಸವೆದು ನುಣ್ಣಗಾಗಿ, ನಶ್ಯದಂಥ ಕಂದು ಪುಡಿ ಉಳಿದಿತ್ತು. ನಾನು ಆ ಗುಬ್ಬಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಂಗಿಯ ಮೇಲೆ ಕಂದು ಕಲೆ ಬಿತ್ತು.

"ತಮ್ಮಾ, ಅಲ್ಲೊಂದು ತಗ್ಗು ಇತ್ತು. ನಾ ನೋಡ್ಲಿಲ್ಲೋ. ನನ್ನ ಕಣ್ಣ ಹ್ವಾದುವು."

ಆಗ ನಾನು ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳೇ ಆದೀತು. ಬಂದಿರಲಿಲ್ಲ. ನಾನು ಕೂಡಲೇ, "ಹೌದ್ರಿ ಅಕ್ಕೋರ, ತಗ್ಗಿನಾಗ ಬಿದ್ದು ಮುರದೈತಿ. ವಯಸ್ಸಾದ ಮ್ಯಾಲ ಹಂಗ ಆಗ್ತೈತ್ರಿ" ಎಂದೆ. ವಯಸ್ಸಿನ ಮಾತು ಅವರು ಆಡಿರಲಿಲ್ಲ. ಅದನ್ನು ಸೇರಿಸಿದವನು ನಾನು.

ಹಳೆಯ ಸಾಮಾನಿನ ಪೇಟೆಯಿಂದ ಬೇರೆ ಗುಬ್ಬಿ ತರಿಸಿ ಕಾರು ರಿಪೇರಿ ಮಾಡಿದೆ. ಅಕ್ಕೋರು ಅದರಲ್ಲಿ ಕೂರಲಿಲ್ಲ. "ನೀನ ಓಡಿಸಿ ಒಳಗ ನಿಲ್ಲಸು" ಎಂದರು. ಮೂರು ತಿಂಗಳು ಬೇವಿನ ಎಲೆ ಅದರ ಮೇಲೆ ಬಿದ್ದವು. ಆಮೇಲೆ ಹಳೆಯ ಕಾರು ಕೂಡಿಹಾಕುವ ಯಾರೋ ಪರಊರಿನವರು ಬಂದು ಲಾರಿಯಲ್ಲಿ ಒಯ್ದರು. ಲಾರಿಗೆ ಏರಿಸಲು ಸ್ಟೇರಿಂಗ್ ಹಿಡಿದದ್ದು ನಾನೇ. ಆ ಸ್ಟೇರಿಂಗು ಒಂದು ಬೆರಳು ತಿರುಗಿಸಿದರೆ ಚಕ್ರ ಅಷ್ಟೇ ತಿರುಗುವಂಥದ್ದು, ಹೊಸ ಗಾಡಿಗಳಲ್ಲೂ ನಾನು ಅಂಥದ್ದು ಕಂಡಿಲ್ಲ. ಕೀಲಿ ತಿರುವಿದಾಗ ಪಂಪು ಟಕ ಟಕ ಎಂದು ಬಡಿದು ನಿಂತಿತು. ಅಕ್ಕೋರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಆ ಸದ್ದನ್ನು ನಾನು ಕೇಳಿದ್ದು ಅದೇ ಕೊನೆಯ ಸಲ.

ಅಲ್ಲಿಂದ ಮುಂದೆ ಶನಿವಾರ ಬೆಳಿಗ್ಗೆ ಅವರು ಕೊಡೆ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿರುವುದನ್ನು ನನ್ನ ಶೆಡ್ಡಿನಿಂದ ನೋಡುತ್ತಿದ್ದೆ. ಅವರ ಅಕ್ಕ ಮತ್ತೆ ಕೆರೆ ನೋಡಲಿಲ್ಲ. ಆಟೋದಲ್ಲಿ ಕೂರಿಸಿದರೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲವಂತೆ. ಎರಡು ವರ್ಷದ ಮೇಲೆ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬಂದ ವಾರ ಅಕ್ಕೋರು ಓಣಿಯಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ಪ್ರತಿ ಸರ್ತಿ ಕೇಳತಿದ್ಲು ತಮ್ಮಾ, ಗಾಡಿ ಎಲ್ಲೈತಿ ಅಂತ. ರಿಪೇರಿಗೆ ಬಿಟ್ಟೇನಿ ಅಂತ ಹೇಳತಿದ್ದೆ. ಹಂಗಾರ ಆ ಹುಡುಗ ಸಾವಕಾಶ ಮಾಡ್ತಾನ ಅಂತಿದ್ಲು."

ದಸರೆಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಒಬ್ಬರ ಹೊಸ್ತಿಲಿಗೆ ಒಬ್ಬರು ಹೋಗಿ, "ಬನ್ನಿ ತಗೊಂಡು ಬಂಗಾರಧಂಗ ಇರೂಣ" ಎನ್ನುತ್ತಾರೆ. ಹಿಂದಿನದು ಅಲ್ಲಿಗೆ ಮುಗಿಯಬೇಕು. ನಾನು ಪ್ರತಿ ವರ್ಷ ಅಕ್ಕೋರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿ ಬರುತ್ತಿದ್ದೆ. ಮುಗಿಸಬೇಕಾದದ್ದು ಏನಿದೆ ಎಂದು ಒಬ್ಬರಿಗೆ ಗೊತ್ತಿಲ್ಲದೆ ಕೊಟ್ಟ ಬನ್ನಿ ಬರೀ ಎಲೆ. ಕಾರು ಹೋದ ಎಂಟನೆಯ ದಸರೆಗೆ ಪೆಟ್ಟಿಗೆಯಿಂದ ಆ ಗುಬ್ಬಿ ತೆಗೆದು, ಪೇಪರಿನಲ್ಲಿ ಸುತ್ತಿ, ಬನ್ನಿಯ ಜೊತೆ ಒಯ್ದೆ.

"ಏನಿದು?"

"ಗಾಡೀದ್ರಿ. ಗಬ್ಬೂರ ಹತ್ತರ ಮುರದದ್ದು."

ಅವರು ಕನ್ನಡಕ ಸರಿಮಾಡಿಕೊಂಡು ಒಳಗೆ ಬೆರಳು ಹಾಕಿ ತಿರುವಿದರು. ಬೆರಳು ಕಂದಾಯಿತು. ಎಷ್ಟೋ ಸಲ ಗ್ರೀಸಿನ ಆ ಪುಟ ಓದಿದವರು ಅವರು.

"ಗ್ರೀಸ್ ಎಲ್ಲೈತಿ ಇದರಾಗ?"

"ಇಲ್ರಿ. ನಾ ಹಾಕಿದ್ದಿಲ್ರಿ. ಮ್ಯಾಲ ಸವರತಿದ್ದೆ."

"ಎಷ್ಟ ಸರ್ತಿ?"

"ಹನ್ನೊಂದ ಸರ್ತಿ."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಕೇಳಿದ್ದು ಬೇರೆ.

"ಹಂಗಾರ ಆ ತಗ್ಗು?"

"ಸಣ್ಣದಿತ್ರಿ. ಸೈಕಲ್ ಸುದ್ದಾ ದಾಟತಿತ್ತು."

"ನನ್ನ ಕಣ್ಣು?"

"ನಿಮ್ಮ ಕಣ್ಣು ಛಲೋ ಇದ್ದೂರಿ ಅಕ್ಕೋರ."

ಅವರು ಕೂತಲ್ಲೇ ಎರಡೂ ಕೈ ಮುಂದೆ ಎತ್ತಿದರು, ಸ್ಟೇರಿಂಗ್ ಹಿಡಿದ ಹಾಗೆ. ಕೈ ನಡುಗಲಿಲ್ಲ. ಎದುರಿನ ಗೋಡೆಯನ್ನು ರಸ್ತೆ ನೋಡಿದಂತೆ ನೋಡಿದರು. ಬಲಗಡೆ ಕಂಬ ಇರುತ್ತಿದ್ದ ಜಾಗಕ್ಕೆ ಮೊಣಕೈ ಸ್ವಲ್ಪ ಹೋಗಿ ನಿಂತಿತು. ಮುಖದ ಮೇಲೆ ಬಂದದ್ದು ಸಂತೋಷ ಎಂದೇ ನನಗೆ ಅನಿಸಿತು. ಆಮೇಲೆ ಕೈ ಇಳಿಸಿದರು.

"ಎಂಟ ವರ್ಷ ನಾ ನನ್ನ ಕಣ್ಣಿಗೆ ಬೈಕೊಂತ ಕುಂತೆ. ಅಕ್ಕ ಕೆರಿ ನೋಡದ ಹ್ವಾದ್ಲು. ನೀ ಬನ್ನಿ ತಗೊಂಡ ಬಂದಿ."

ಒಳಗೆ ಹೋಗಿ ಆ ನೋಟುಬುಕ್ಕು, ಕೆಂಪು ಪೆನ್ನು ತಂದು ನನ್ನ ಮುಂದೆ ಇಟ್ಟರು. "ಕೂಡು. ತಪ್ಪ ರೈಟ್ ಮಾರ್ಕ್ ಎಲ್ಲಾ ಹೊಡದ ಹಾಕು." ಐವತ್ತು ದಾಟಿದವ ನಾನು, ನೆಲದ ಮೇಲೆ ಕೂತು ಒಂದೊಂದಾಗಿ ಹನ್ನೊಂದಕ್ಕೂ ಗೆರೆ ಎಳೆದೆ. "ಈಗ ಕಾರಣ ಬರಿ." ನಾನು 'ಕೆಲಸ ಬಹಳ ಇತ್ತು' ಎಂದು ಬರೆದೆ. ಓದಿ, ಅದಕ್ಕೂ ಗೆರೆ ಎಳೆದರು. 'ಆಲಸ್ಯ' ಎಂದು ಬರೆದೆ.

"ನೀ ಆಲಸಿ ಅಲ್ಲ. ನಾ ನೋಡೇನಿ. ಖರೇ ಕಾರಣ ಬ್ಯಾರೆ ಐತಿ. ಮನಿಗೆ ಒಯ್ದು ಬರಕೊಂಡು ಬಾ. ಅಲ್ಲೀತನಕ ನಿನ್ನ ಬನ್ನಿ ನನಗ ಬ್ಯಾಡ."

ಎಲೆಗಳನ್ನು ತಿರುಗಿ ನನ್ನ ಕೈಗೆ ಹಾಕಿದರು.

ಅದಾದ ಮೇಲೆ ಪ್ರತಿ ದಸರೆಗೆ ಹೋಗಿದ್ದೇನೆ. "ಬರದಿಯೇನ?" ಎಂದು ಕೇಳುತ್ತಾರೆ. "ಇನ್ನೂ ಇಲ್ರಿ." ಚಹಾ ಕೊಡುತ್ತಾರೆ, ಮಕ್ಕಳನ್ನು ಕೇಳುತ್ತಾರೆ, ಬನ್ನಿ ತೆಗೆದುಕೊಳ್ಳುವುದಿಲ್ಲ. ಈಗ ಅವರ ಕಣ್ಣು ನಿಜವಾಗಿಯೂ ಹೋಗಿವೆ. ದನಿಯಿಂದಲೇ ನನ್ನನ್ನು ಗುರುತಿಸುತ್ತಾರೆ.

ಕಾರಣ ಇದು. ಆ ಖಂಡೆ ಪೂಜೆಯ ಹಿಂದಿನ ದಿನ ದುರ್ಗದಬೈಲಿನ ಅಂಗಡಿಯಲ್ಲಿ ಗ್ರೀಸು ಕೊಳ್ಳಲು ನಿಂತಿದ್ದೆ. ದೊಡ್ಡ ದೊಡ್ಡ ಕಾರಿನ ಮಾಲಕರು ನಾಲ್ಕು ಜನ ಅಲ್ಲಿದ್ದರು. ಅಂಗಡಿಯಾತ ಅವರ ಮುಂದೆ, "ಏನ್ರಿ ಮಾಲಕ್ರ, ನಾಳೆ ಮತ್ತ ಅಕ್ಕೋರ ಸಾಲೀಗೆ ಹೋಗಾಂವರೇನ? ಅವರು ಪಾಠ ಓದ್ತಾರಂತ, ನೀವು ಗಾಡಿ ಬುಡಕ ಮಲಗಿ ಹೂಂ ಅಂತೀರಂತ! ಪಾಟಿ ಒಂದ ಕಟ್ಟಿ ಕೊಡ್ಲೇನ?" ಎಂದ. ಎಲ್ಲರೂ ನಕ್ಕರು. ನಾನು ಸಿಟ್ಟಾಗಲಿಲ್ಲ. ಸುಮ್ಮನೆಯೂ ಇರಲಿಲ್ಲ. ಬಿಳಿ ಅಂಗಿಯ ಕಾಲರು ಸರಿಮಾಡಿಕೊಂಡು, "ಏನ ಮಾಡೂದ್ರಿ, ಮುದುಕಿಗೆ ಒಂದ ಆಟಗಿ ಬೇಕಾಗೈತಿ, ಆಡಸಾಕತ್ತೇನಿ" ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಮರುದಿನ ಆ ಕುರ್ಚಿಯ ಪಕ್ಕ ಮಲಗಿದಾಗ ಅವರು ಓದುವ ದನಿ ಕೇಳಿ ನಾಚಿಕೆ ಆಯಿತು. ಆಡಿದ ಮಾತಿಗೆ ನಾಚಬೇಕಿತ್ತು, ನಾನು ಕೆಳಗೆ ಮಲಗಿದ್ದಕ್ಕೆ ನಾಚಿದೆ. ಬೇಗ ಮುಗಿಸಿ ಏಳಬೇಕು ಅನಿಸಿತು. ಗಾಡಿಯನ್ನು ಆಟಗಿ, ಆಟದ ಸಾಮಾನು ಎಂದು ಕರೆದ ಮೇಲೆ ಅದಕ್ಕೆ ಜಾಕ್ ಏರಿಸಲು ಕೈ ಬರಲಿಲ್ಲ. ಒಬ್ಬರೂ ನನ್ನನ್ನು ಕೂರಿಸಿಕೊಂಡು ಏನನ್ನೂ ಕಲಿಸದ ಊರಲ್ಲಿ ಒದ್ದೆ ಟವೆಲ್ಲು ಹಿಂಡಿ ತೋರಿಸಿದವರು ಅವರು.

ನಾಳೆ ದಸರೆ, ಬನ್ನಿ ಕೊಡುವ ದಿನ. ಈ ಹಾಳೆಗಳನ್ನು ಒಯ್ಯುತ್ತೇನೆ. ಅವರಿಗೆ ಕಾಣುವುದಿಲ್ಲ, ಆದ್ದರಿಂದ ಈ ಸಲ ಓದುವುದು ನನ್ನದು. ನೆಲದ ಮೇಲೆ ಕೂತು ಪೂರ್ತಿ ಓದುತ್ತೇನೆ, 'ಮುದುಕಿ' ಎಂಬ ಶಬ್ದವನ್ನೂ ಬಿಡದೆ. ಬನ್ನಿಯನ್ನು ಪಕ್ಕದಲ್ಲಿ ಇಟ್ಟಿರುತ್ತೇನೆ. ಕೈ ಚಾಚುವುದು ಬಿಡುವುದು ಅವರದು.